ಬೊಮ್ಮಕ್ಕ ಕುಡಿದ ಹಸುವಿನ ಟಾನಿಕ್ಕು

ಮಂಡಿ ನೋವು ಯಾರಿಗಿಲ್ಲ ಹೇಳಿ? ನಮ್ಮ ಸಂಘದ ಸಭೆಗೆ ಇಪ್ಪತ್ತು ಹೆಂಗಸರು ಬಂದರೆ ಹದಿನೈದು ಜನ ಏಳುವಾಗ ನೆಲಕ್ಕೆ ಕೈ ಊರುತ್ತಾರೆ, ಉಳಿದ ಐವರು ಪಕ್ಕದವಳ ಹೆಗಲಿಗೆ ಊರುತ್ತಾರೆ. ಚಳ್ಳಕೆರೆ ಕಡೆಯ ವರವು ಕಾವಲ್ ಹುಲ್ಲುಗಾವಲಿನ ಅಂಚಿನ ಹಟ್ಟಿಯ ಬೊಮ್ಮಕ್ಕ ಮಾತ್ರ ಎರಡಕ್ಕೂ ಊರಿ, ಮೇಲೆ ಮೂರು ದೇವರ ಹೆಸರು ಕೂಗಿ ಏಳುತ್ತಿದ್ದಳು. ಆ ಕೂಗು ಕೇಳಿದರೆ ಹಟ್ಟಿಯವರಿಗೆಲ್ಲ ಬೆಳಗಾಯಿತು ಅಂತ ಅರ್ಥ.

ಅವಳಿಗೆ ಅರವತ್ತೆರಡು ವರ್ಷ. ಮನೆಯಲ್ಲಿ ಒಂಬತ್ತು ನಾಟಿ ಹಸು. ಸಂಜೆ ಅವು ಮೇವು ಮುಗಿಸಿ ಬಂದಾಗ ಬೊಮ್ಮಕ್ಕ ದನ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದರ ಹೆಸರು ಕೂಗಬೇಕು. ಕೆಂದಿ ಎಂದರೆ ಕೆಂದಿ, ಮಚ್ಚೆ ಎಂದರೆ ಮಚ್ಚೆ. ತನ್ನ ಹೆಸರು ಕಿವಿಗೆ ಬಿದ್ದ ಮೇಲೆಯೇ ಹಸು ಮುಳ್ಳುಬೇಲಿಯ ಒಳಗೆ ಕಾಲಿಡುವುದು. ಮಗ ರಾಜಣ್ಣ ಗಂಟಲು ಹರಿದುಕೊಂಡು ಕೂಗಿದರೂ ಅವು ತಿರುಗಿ ನೋಡುವುದಿಲ್ಲ. ಈ ವಿಷಯದಲ್ಲಿ ಬೊಮ್ಮಕ್ಕನಿಗೆ ಸ್ವಲ್ಪ ಜಂಬ. ಸ್ವಲ್ಪ ಏನು, ಜಾಸ್ತಿಯೇ ಅನ್ನಿ.

ಈ ವರ್ಷ ಅವಳಿಗೆ ಮಂಡಿಯದೇ ಚಿಂತೆ. ಸೊಸೆ ಗಂಗಲಕ್ಷ್ಮಿ ಚೊಚ್ಚಲು ಬಸುರಿ. ಕೊಂಡ್ಲಹಳ್ಳಿಯ ಹುಡುಗಿ, ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು. ಬೊಮ್ಮಕ್ಕ ಅವಳ ತಲೆ ಬಾಚುತ್ತಾ ಒಂದು ದಿನ ಮಾತು ಕೊಟ್ಟಿದ್ದಳು.

"ನಿನ್ನ ಬಾಣಂತನ ನಾನೇ ಮಾಡ್ತೀನಿ ಕಣವ್ವ. ನಿಮ್ಮವ್ವ ಇದ್ದಿದ್ರೆ ಹೆಂಗೋ ಹಂಗೆ. ಕೂಸನ್ನ ಕಾಲ್ಮೇಲೆ ಮಲಗಿಸ್ಕೊಂಡು ನಾನೇ ನೀರು ಹಾಕ್ತೀನಿ."

ಮಾತು ಕೊಟ್ಟಿದ್ದೇನೋ ಆಯಿತು. ಕಾಲು ಚಾಚಿ ಕೂತರೆ ಏಳಲು ಬರಬೇಕಲ್ಲ! ಅದನ್ನೇ ನೆನೆದು ಬೊಮ್ಮಕ್ಕ ಒಳಗೊಳಗೇ ಕೊರಗುತ್ತಿದ್ದಳು.

ಅಷ್ಟರಲ್ಲಿ ರಾಜಣ್ಣ ಡೈರಿಗೆ ಹಾಲು ಹಾಕೋಣವೆಂದು ಒಂದು ತುಂಬು ಗಬ್ಬದ ಸೀಮೆ ಹಸು ತಂದ. ಬೊಮ್ಮಕ್ಕ ಅದಕ್ಕೆ ಹೆಸರೇ ಇಡಲಿಲ್ಲ. "ಈ ಬಿಸಿಲಿಗೆ ನಾಲ್ಕು ದಿನ ತಡಿಯಲ್ಲ ಅದು. ಅದಕ್ಯಾತರ ಹೆಸರು?" ಎಂದಳು. ಅವಳ ಬಾಯಿಗೆ ಏನನ್ನೋಣ, ಹಸು ಕರು ಹಾಕಿದ ಮರುದಿನವೇ ನೆಲ ಹಿಡಿಯಿತು. ಕತ್ತು ಪಕ್ಕಕ್ಕೆ ತಿರುಚಿಕೊಂಡು, ಕಿವಿ ತಣ್ಣಗಾಗಿ, ಎಬ್ಬಿಸಿದರೂ ಏಳದು.

ದನದ ಡಾಕ್ಟರು ವಿಶ್ವನಾಥ್ ಬಂದು ನೋಡಿದರು. ಕತ್ತಿನ ನರಕ್ಕೆ ಸೂಜಿ ಚುಚ್ಚಿ, ಒಂದು ಬಾಟಲಿ ಔಷಧಿಯನ್ನು ನಿಧಾನವಾಗಿ ಇಳಿಸಿದರು. ಇನ್ನೂ ಅರ್ಧ ಗಂಟೆ ಆಗಿರಲಿಲ್ಲ, ಸತ್ತೇ ಹೋಯಿತು ಎಂದುಕೊಂಡಿದ್ದ ಹಸು ಮೈ ಕೊಡವಿ ಎದ್ದು ನಿಂತು ಕರುವನ್ನು ನೆಕ್ಕತೊಡಗಿತು!

"ಅಯ್ಯೋ ನನ್ನಪ್ಪ! ಏನು ಔಷಧಿ ಸ್ವಾಮಿ ಇದು?" ಬೊಮ್ಮಕ್ಕ ಕೇಳಿದಳು.

"ಕ್ಯಾಲ್ಸಿಯಂ ಕಣಮ್ಮ. ಸುಣ್ಣದ ಅಂಶ. ಕರು ಹಾಕಿದ ಮೇಲೆ ಮೈಯಲ್ಲಿರೋದೆಲ್ಲ ಹಾಲಿಗೆ ಹೋಗಿಬಿಡುತ್ತೆ, ಆಗ ಹಿಂಗೆ ಬಿದ್ದುಬಿಡ್ತವೆ. ಹಾಲುಜ್ವರ ಅಂತೀವಿ," ಎಂದ ವಿಶ್ವನಾಥ್, ಮುಂದಕ್ಕೆ ಕುಡಿಸಲೆಂದು ಐದು ಲೀಟರಿನ ಒಂದು ಕ್ಯಾನ್ ಕೊಟ್ಟರು. ಬೆಳಿಗ್ಗೆ ಒಂದು ಸಣ್ಣ ಅಳತೆ, ಸಂಜೆ ಒಂದು. ಐವತ್ತು ದಿನ ಬರುತ್ತದೆ ಎಂದರು.

ಹಾಲಿನ ಮಾತು ಬೊಮ್ಮಕ್ಕನ ಕಿವಿಗೆ ಹೋಗಲೇ ಇಲ್ಲ. ಅವಳ ಕಣ್ಣಲ್ಲಿ ಇದ್ದದ್ದು ಒಂದೇ: ಬಿದ್ದ ಹಸು ಎದ್ದು ನಿಂತಿತು. ನಾಲ್ಕು ಕಾಲಿನದು ಎದ್ದಿತು ಅಂದಮೇಲೆ ಎರಡು ಕಾಲಿನವಳು ಏಳುವುದು ಎಷ್ಟರ ಮಾತು?

ಮಾರನೆಯ ದಿನದಿಂದಲೇ ಶುರುವಾಯಿತು. ಗಂಗಲಕ್ಷ್ಮಿ ಹಸುವಿಗೆ ಬಿದಿರಿನ ಗೊಟ್ಟದಲ್ಲಿ ಟಾನಿಕ್ ಕುಡಿಸಿ ಒಳಗೆ ಹೋಗುವುದು, ಬೊಮ್ಮಕ್ಕ ಹಿಂದೆಯೇ ಬಂದು ಅರ್ಧ ಲೋಟ ಬಗ್ಗಿಸಿಕೊಂಡು ಗಟಗಟನೆ ಕುಡಿದು ತುಟಿ ಒರೆಸಿಕೊಳ್ಳುವುದು. ಕ್ಯಾನಿನ ಮೇಲೆ ಹಸುವಿನ ಚಿತ್ರ ಇದ್ದಿದ್ದು ಅವಳಿಗೆ ಕಾಣಲಿಲ್ಲವೇ ಎಂದು ಕೇಳಬೇಡಿ. ಕಂಡಿತು. ಹಸು ನಗುತ್ತಿರುವ ಹಾಗೆ ಕಂಡಿತಂತೆ! ಸಾಲದ್ದಕ್ಕೆ ಚಳ್ಳಕೆರೆ ಸಂತೆಗೆ ಹೋದಾಗ ಔಷಧಿ ಅಂಗಡಿಯಲ್ಲಿ "ಮೂಳೆಗೆ ಬಲ ಬರೋ ಮಾತ್ರೆ ಕೊಡಪ್ಪ" ಎಂದು ಕೇಳಿ ತಂದು, ಊಟವಾದ ಮೇಲೆ ಎರಡೆರಡು ನುಂಗಿದಳು. ಅದರ ಮೇಲೆ ಎಲೆಯಡಿಕೆ. ಎಲೆಗೆ ಸುಣ್ಣ ಹಚ್ಚುವುದರಲ್ಲಿ ಅವಳ ಕೈ ಮೊದಲಿನಿಂದಲೂ ಧಾರಾಳ.

ಎರಡು ವಾರ ಬೊಮ್ಮಕ್ಕ ಕುಣಿದಾಡಿಕೊಂಡಿದ್ದಳು. ಮಂಡಿ ನೋವು ಅರ್ಧ ಹೋಯಿತು ಎಂದಳು. ಹೋಗಿತ್ತೋ, ಹೋಗಲಿ ಎಂಬ ಆಸೆಯೋ, ಅವಳಿಗೇ ಗೊತ್ತು. ಮೂರನೆಯ ವಾರದಿಂದ ಬಾಯಾರಿಕೆ ಹಿಡಿಯಿತು. ಚೊಂಬು ಚೊಂಬು ನೀರು ಕುಡಿದರೂ ನಾಲಿಗೆ ಒಣಗಿದ್ದು ಒಣಗಿದ್ದೇ. ಕುಡಿದಷ್ಟೂ ಬಯಲ ಕಡೆ ಓಡಾಟ. ಹೊಟ್ಟೆ ಕಟ್ಟಿಕೊಂಡಿತು, ನಾಲ್ಕು ದಿನಕ್ಕೊಮ್ಮೆ ಹೊರಗೆ ಹೋದರೆ ಪುಣ್ಯ. ಬಿಸಿ ಮುದ್ದೆ ಮುಂದಿಟ್ಟರೆ ವಾಕರಿಕೆ. ಕಾಲೆಳೆದುಕೊಂಡು ನಡೆಯುವಷ್ಟು ಸುಸ್ತು.

"ಸಕ್ಕರೆ ಕಾಯಿಲೆ ಬಂದೈತೆ," ಎಂದು ಪಕ್ಕದ ಮನೆಯ ಚಿನ್ನಕ್ಕ ತೀರ್ಪು ಕೊಟ್ಟಳು. "ನಮ್ಮಣ್ಣಂಗೂ ಇಂಗೇ ಆಗಿತ್ತು. ನೀರು ಕುಡಿಯೋದು, ಓಡೋದು."

ಹಟ್ಟಿಗೆ ಹಟ್ಟಿಯೇ ಹೌದೆಂದಿತು. ರಾಜಣ್ಣ ಅವ್ವನ ಟೀಗೆ ಸಕ್ಕರೆ ನಿಲ್ಲಿಸಿದ. ಆಹಾ, ಅವತ್ತು ಬೊಮ್ಮಕ್ಕ ಕೂಗಾಡಿದ್ದನ್ನು ನೀವು ಕೇಳಬೇಕಿತ್ತು! "ಇದು ಟೀ ಅಲ್ಲ, ಕಲಗಚ್ಚು" ಎಂದು ಲೋಟ ಕುಕ್ಕಿದಳು. ಮೈಯಲ್ಲಿ ಬಲ ಕುಗ್ಗುತ್ತಿದೆ ಅನ್ನಿಸಿದ್ದಕ್ಕೆ ಅವಳು ಕಂಡುಕೊಂಡ ಮದ್ದು ಏನು ಗೊತ್ತೇ? ಅರ್ಧ ಲೋಟ ಟಾನಿಕ್ಕು ಮುಕ್ಕಾಲು ಲೋಟವಾಯಿತು. ಕೆಡಿಸುತ್ತಿರುವುದನ್ನೇ ಮದ್ದು ಎಂದು ನಂಬಿ ಕುಡಿಯುತ್ತಿದ್ದಳು ಪಾಪ.

ಒಂದು ಸಂಜೆ ದನ ಬಂದವು. ಬೊಮ್ಮಕ್ಕ ರೊಪ್ಪದ ಬಾಗಿಲಲ್ಲಿ ನಿಂತು ಕೂಗಿದಳು. ಕೆಂದಿ ಹೋಯಿತು, ಮಚ್ಚೆ ಹೋಯಿತು, ಚುಕ್ಕಿ ಹೋಯಿತು. ಕೊನೆಗೆ ಒಂದು ಬೂದು ಬಣ್ಣದ ಹಸು ಉಳಿಯಿತು. ಅವಳನ್ನೇ ನೋಡುತ್ತಾ ನಿಂತಿತು. ಬೊಮ್ಮಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು. ಹೆಸರು ಬರಲಿಲ್ಲ. ತಾಯಿ ಸತ್ತಾಗ ಇನ್ನೂ ಕರುವಾಗಿದ್ದ ಅದಕ್ಕೆ ಅವಳೇ ಬೆರಳು ಚೀಪಿಸಿ ಹಾಲು ಕುಡಿಸಿ ಸಾಕಿದ್ದಳು. ಹನ್ನೊಂದು ವರ್ಷ ದಿನಾ ಕೂಗಿದ ಹೆಸರು.

"ಬೂದಿ, ಅತ್ತೆ," ಎಂದು ಹಿಂದಿನಿಂದ ಗಂಗಲಕ್ಷ್ಮಿ ಮೆಲ್ಲಗೆ ಹೇಳಿದಳು.

"ನಂಗೊತ್ತಿಲ್ವಾ?" ಎಂದು ರೇಗಿದಳು ಬೊಮ್ಮಕ್ಕ. ಆದರೆ ಒಳಗೊಳಗೇ ಬಹಳ ಹೆದರಿಕೆಯಾಯಿತು ಅವಳಿಗೆ.

ಎರಡು ದಿನದಲ್ಲಿ ಸೊಸೆಯನ್ನು ತನ್ನ ಸತ್ತ ತಂಗಿಯ ಹೆಸರು ಹಿಡಿದು ಎರಡು ಸಲ ಕರೆದಳು. ಒಲೆ ಮೇಲೆ ಎಸರಿಟ್ಟು ಮರೆತಳು. ಕೊನೆಗೆ ರಾಜಣ್ಣ ತಲೆ ತಗ್ಗಿಸಿಕೊಂಡು ಹೇಳಿದ: "ಅವ್ವಾ, ಬಾಣಂತನಕ್ಕೆ ಕೊಂಡ್ಲಹಳ್ಳಿಯಿಂದ ಸೂರಮ್ಮ ಚಿಕ್ಕಮ್ಮನ್ನ ಕರೆಸಾನ. ನಿನ್ನ ಕೈಲಿ ಆಗಲ್ಲ. ಹಸಿಗೂಸು, ಹೆಚ್ಚುಕಮ್ಮಿ ಆದ್ರೆ?"

ಸೂರಮ್ಮ ಎಂದರೆ ಗಂಗಲಕ್ಷ್ಮಿಯ ಚಿಕ್ಕಮ್ಮ. ಬೊಮ್ಮಕ್ಕನಿಗೂ ಅವಳಿಗೂ ಅಷ್ಟಕ್ಕಷ್ಟೇ. ಆದರೆ ಬೊಮ್ಮಕ್ಕ ಜಗಳಕ್ಕೆ ಹೋಗಲಿಲ್ಲ. ಎದ್ದು ಹೋಗಿ ಬೂದಿಯ ಕತ್ತಿನ ಮೇಲೆ ಕೈಯಿಟ್ಟು ನಿಂತಳು. ಮೊದಲ ಮೊಮ್ಮಗುವನ್ನು ತನ್ನ ಕೈಗೆ ಕೊಡಲು ಮಗನೇ ಹೆದರುತ್ತಿದ್ದಾನೆ. ಅದಕ್ಕಿಂತ ದೊಡ್ಡ ನೋವು ಯಾವ ಮಂಡಿಗೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆ ಜ್ಯೋತಿಲಕ್ಷ್ಮಿ ಬಸುರಿಯನ್ನು ನೋಡಲು ಬಂದಳು.

"ಏನು ಬೊಮ್ಮಕ್ಕಜ್ಜಿ, ಇಷ್ಟೊಂದು ಸೊರಗಿದೀರಾ?"

"ಅಜ್ಜಿ ಆಗಾಕೆ ಇನ್ನೂ ಎರಡು ತಿಂಗ್ಳೈತೆ. ಈಗ್ಲೇ ಯಾಕೆ ಅಜ್ಜಿ ಅಂತೀಯಾ?"

"ಸರಿ ದೊಡ್ಡವ್ವಾ, ತಪ್ಪಾಯ್ತು!" ಎಂದು ನಕ್ಕ ಜ್ಯೋತಿ, ವಿಷಯ ಕೇಳಿ, ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದಳು. ಇನ್ನೊಮ್ಮೆ ನೋಡಿದಳು. "ರಾಜಣ್ಣ, ಅವ್ವಂಗೆ ಸಕ್ಕರೆ ಸರಿಯಾಗೇ ಐತೆ. ಸುಮ್ಸುಮ್ನೆ ಟೀ ಕೆಡಿಸಿದೀರಾ."

"ನೋಡ್ದೇನೋ!" ಎಂದಳು ಬೊಮ್ಮಕ್ಕ. ಆ ಸುಸ್ತಿನಲ್ಲೂ ಅದೊಂದು ಖುಷಿ.

"ಆದ್ರೆ ಬಾಯಾರಿಕೆ, ಹೊಟ್ಟೆ ಕಟ್ಟೋದು, ಮರೆವು, ಎಲ್ಲಾ ಒಟ್ಟಿಗೆ ಬಂದೈತೆ ಅಂದ್ರೆ ಸುಮ್ನೆ ಬಿಡೋದಲ್ಲ. ದೊಡ್ಡವ್ವಾ, ನೀವು ಏನೇನು ಔಷಧಿ ತಗೋತಿದೀರಾ?"

ಬೊಮ್ಮಕ್ಕ ಸೂರು ನೋಡಿದಳು. "ನಾನ್ಯಾವ ಔಷಧಿ ತಗಳ್ಳಿ?"

ಅದೇ ಹೊತ್ತಿಗೆ ವಿಶ್ವನಾಥ್ ಗಾಡಿ ಬಂದು ನಿಂತಿತು. ಟಾನಿಕ್ಕು ಮುಗಿದಿದೆ ಎಂದು ರಾಜಣ್ಣ ಫೋನ್ ಮಾಡಿದ್ದ. ಖಾಲಿ ಕ್ಯಾನ್ ನೋಡಿ ಅವರು ಹುಬ್ಬು ಗಂಟಿಕ್ಕಿದರು. "ಇದು ಎರಡನೇ ಕ್ಯಾನು. ಮೊದಲನೇದೂ ಐವತ್ತು ದಿನ ಬರೋದು ಅದರ ಅರ್ಧದಷ್ಟು ದಿನಕ್ಕೇ ಮುಗೀತು. ಏನು ರಾಜಣ್ಣ, ಹಸುವಿಗೆ ಸ್ನಾನ ಮಾಡಿಸ್ತಿದ್ದೀರೇನು?"

ರಾಜಣ್ಣ ಹೆಂಡತಿಯ ಕಡೆ ತಿರುಗಿದ. "ಎಷ್ಟು ಹಾಕ್ತೀಯೇ ನೀನು? ಅಳತೆ ಗೊತ್ತಾಗಲ್ವಾ? ಅರ್ಧ ನೆಲಕ್ಕೇ ಚೆಲ್ತೀಯೇನು?"

"ಇಲ್ಲ ಕಣ್ರಿ, ಡಾಕ್ಟ್ರು ಹೇಳಿದಷ್ಟೇ..." ಗಂಗಲಕ್ಷ್ಮಿಯ ಕಣ್ಣು ತುಂಬಿ ಬಂತು. ತುಂಬು ಹೊಟ್ಟೆ ಹೊತ್ತುಕೊಂಡು, ಮಾಡದ ತಪ್ಪಿಗೆ ಬೈಸಿಕೊಂಡು ನಿಂತಿದ್ದಳು.

ಬೊಮ್ಮಕ್ಕ ತಡೆದುಕೊಂಡಳು. ಇನ್ನೂ ಸ್ವಲ್ಪ ತಡೆದುಕೊಂಡಳು. ಆಮೇಲೆ ಆಗಲಿಲ್ಲ.

"ಲೇ, ಅವಳನ್ನ ಬೈಬ್ಯಾಡ್ವೋ! ನಾನು ಕುಡಿದೆ."

"ಏನ್ ಕುಡಿದೆ?"

"ಅದೇ, ಹಸುವಿಂದು."

ವಿಶ್ವನಾಥ್ ಕೈಯಲ್ಲಿದ್ದ ಮುಚ್ಚಳ ಕೆಳಗೆ ಬಿತ್ತು. ಬೊಮ್ಮಕ್ಕ ಎಲ್ಲವನ್ನೂ ಹೇಳಿದಳು. ಅರ್ಧ ಲೋಟ, ಮುಕ್ಕಾಲು ಲೋಟ, ಸಂತೆಯ ಮಾತ್ರೆ. ಹೇಳಿ ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೂಸಿಗೆ ನೀರು ಹಾಕಾಕೆ ಮಂಡಿ ಗಟ್ಟಿ ಆಗ್ಲಿ ಅಂತ ಕುಡಿದೆ ಕಣಪ್ಪ. ಬಿದ್ದಿದ್ದ ಹಸಾನೇ ಎದ್ದಿತಲ್ಲ, ನಾನು ಕಣ್ಣಾರೆ ನೋಡಿಲ್ವಾ? ಅದಕ್ಕೆ ಒಳ್ಳೇದು ನಂಗೆ ಹೆಂಗೆ ಕೆಟ್ಟದ್ದಾಗ್ತೈತೆ?"

ವಿಶ್ವನಾಥ್ ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. "ಅಮ್ಮಾ, ಆ ಹಸು ದಿನಕ್ಕೆ ಹದಿನಾಲ್ಕು ಲೀಟರ್ ಹಾಲು ಕೊಡುತ್ತೆ. ಕುಡಿಸಿದ ಕ್ಯಾಲ್ಸಿಯಂ ಹಾಲಲ್ಲಿ ಹೊರಗೆ ಹೋಗುತ್ತೆ. ನೀವು ಎಷ್ಟು ಲೀಟರ್ ಕೊಡ್ತೀರಾ?"

ಗಂಗಲಕ್ಷ್ಮಿ ಅಳುತ್ತಿದ್ದವಳು ಕಿಸಕ್ಕನೆ ನಕ್ಕಳು. ರಾಜಣ್ಣನೂ ನಕ್ಕ. ಬೊಮ್ಮಕ್ಕ ಒಂದು ಕ್ಷಣ ದುರುಗುಟ್ಟಿ ನೋಡಿ, ತಾನೂ ಬೊಚ್ಚುಬಾಯಿ ತೆರೆದು ನಕ್ಕಳು.

ಜ್ಯೋತಿ ಮಾತ್ರ ನಗಲಿಲ್ಲ. "ಹೊರಗೆ ಹೋಗಾಕೆ ದಾರಿ ಇಲ್ದೆ ಅದು ರಕ್ತದಲ್ಲೇ ಸೇರ್ಕೊಂಡಿರಬೇಕು ದೊಡ್ಡವ್ವಾ. ಖಚಿತ ಆಗಬೇಕಂದ್ರೆ ರಕ್ತ ಪರೀಕ್ಷೆ ಆಗ್ಬೇಕು. ಹೆಸರು ಮರೀತಿದೀರಾ ಅಂದ್ಮೇಲೆ ನಾಳೆ ನಾಡಿದ್ದು ಅನ್ನಂಗಿಲ್ಲ. ಈಗ್ಲೇ ಹೊರಡಿ. ಆ ಮಾತ್ರೆ ಡಬ್ಬಿ, ಈ ಕ್ಯಾನು, ಎರಡನ್ನೂ ತಗೊಳ್ಳಿ. ಡಾಕ್ಟ್ರಿಗೆ ತೋರಿಸ್ಬೇಕು."

ಹಾಗೆ ಬೊಮ್ಮಕ್ಕ ಹಸುವಿನ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಚಳ್ಳಕೆರೆಯ ಆಸ್ಪತ್ರೆಗೆ ಹೋದಳು. ಅಲ್ಲಿ ಡಾಕ್ಟರ್ ಶೃತಿ ರಕ್ತ ತೆಗೆಸಿದರು. ಫಲಿತಾಂಶ ಬಂದಾಗ ಅವರ ಮುಖ ಗಂಭೀರವಾಯಿತು.

"ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚುಕಡಿಮೆ ಹತ್ತೂವರೆಯ ಒಳಗೆ ಇರಬೇಕು. ನಿಮಗೆ ಹದಿಮೂರೂವರೆ ದಾಟಿದೆ. ಇನ್ನೂ ಸ್ವಲ್ಪ ದಿನ ಬಿಟ್ಟಿದ್ದರೆ ಕಿಡ್ನಿ ಕೆಡುತ್ತಿತ್ತು, ಹೃದಯದ ಬಡಿತ ಏರುಪೇರಾಗುತ್ತಿತ್ತು, ಪ್ರಜ್ಞೆಯೂ ತಪ್ಪಬಹುದಿತ್ತು."

"ಮೂರೇ ಅಲ್ವಾ ತಾಯಿ ಜಾಸ್ತಿ?" ಎಂದಳು ಬೊಮ್ಮಕ್ಕ. ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಇದರಲ್ಲಿ ಮೂರು ಅಂದರೆ ಬಹಳ. ನಿಮ್ಮೂರ ಕೆರೆಯಿಂದ ನೀರು ಅಳೆದು ಬಿಡೋ ನೀರುಗಂಟಿ ಇರ್ತಾನಲ್ಲ, ಹಾಗೆ ನಮ್ಮ ಕತ್ತಿನಲ್ಲಿ ಕಾಳಿನಷ್ಟು ಚಿಕ್ಕ ನಾಲ್ಕು ಗ್ರಂಥಿ ಇರುತ್ತವೆ. ಕ್ಯಾಲ್ಸಿಯಂ ಎಷ್ಟು ಇರಬೇಕು ಅಂತ ಅವು ನೋಡಿಕೊಳ್ಳುತ್ತವೆ. ನಿಮ್ಮ ನೀರುಗಂಟಿ ತೂಬು ಮುಚ್ಚಿ ಕೂತಿದ್ದರೂ ನೀವು ಮೇಲಿಂದ ಸುರೀತಾನೇ ಇದ್ರಿ. ಆ ಟಾನಿಕ್ಕಿನಲ್ಲಿ ವಿಟಮಿನ್ ಡಿ ಕೂಡ ಇದೆ. ಹೊಟ್ಟೆಗೆ ಹೋದ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಎಳೆದುಕೊಳ್ಳೋದೇ ಅದರ ಕೆಲಸ. ಹಸುವಿನ ಅಳತೆಯಲ್ಲಿ ಮನುಷ್ಯರು ಕುಡಿದರೆ ಹೀಗೇ ಆಗೋದು. ಅದನ್ನ ಹೊರಗೆ ಹಾಕಕ್ಕೆ ಕಿಡ್ನಿ ಒದ್ದಾಡುತ್ತೆ. ಅದಕ್ಕೇ ಅಷ್ಟು ಮೂತ್ರ, ಅಷ್ಟು ಬಾಯಾರಿಕೆ."

"ಹಂಗಾದ್ರೆ ಮರೆವು?"

"ಅದೂ ಇದರಿಂದಲೇ. ಕ್ಯಾಲ್ಸಿಯಂ ಇಳಿದರೆ ತಲೆ ತಿಳಿಯಾಗುತ್ತೆ."

ಬೊಮ್ಮಕ್ಕನಿಗೆ ಹೋದ ಜೀವ ಬಂದಂತಾಯಿತು. ಬಾಣಂತನದ ಮಾತು ಕೇಳೋಣವೆಂದು ಬಾಯಿ ತೆರೆದಳು, ಮೊದಲು ಗುಣವಾಗಲಿ ಎಂದು ಮುಚ್ಚಿಕೊಂಡಳು.

ಡಾಕ್ಟರಮ್ಮ ಅಷ್ಟಕ್ಕೇ ಬಿಡಲಿಲ್ಲ. ಎಷ್ಟೋ ಜನಕ್ಕೆ ಯಾವ ಟಾನಿಕ್ಕೂ ಕುಡಿಯದೆಯೇ ಕ್ಯಾಲ್ಸಿಯಂ ಏರುತ್ತದೆ, ಕತ್ತಿನ ಆ ಗ್ರಂಥಿ ಕೆಟ್ಟಿರಬಹುದು, ಕ್ಯಾನ್ಸರ್ ಇರಬಹುದು, ಬೇರೆ ಯಾವುದೋ ಮಾತ್ರೆಯೂ ಕಾರಣವಿರಬಹುದು ಎಂದು ರಾಜಣ್ಣನಿಗೆ ವಿವರಿಸಿ ಆ ಪರೀಕ್ಷೆಗಳನ್ನೂ ಮಾಡಿಸಿದರು. ಬೊಮ್ಮಕ್ಕನ ಅದೃಷ್ಟ, ಬೇರೇನೂ ಇರಲಿಲ್ಲ. ಟಾನಿಕ್ಕು, ಮಾತ್ರೆ, ಸುಣ್ಣ ಮೂರೂ ಬಂದ್. ಆರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಡ್ರಿಪ್ ಹಾಕಿದರು. ಮೈಯಲ್ಲಿ ಕೂತ ವಿಟಮಿನ್ ಡಿ ನಿಧಾನಕ್ಕೆ ಇಳಿಯುತ್ತದೆ, ಅದಕ್ಕೇ ವಾರವಾರ ಬಂದು ರಕ್ತ ತೋರಿಸಬೇಕು ಎಂದು ಹೇಳಿ ಕಳಿಸಿದರು.

ಮಂಡಿಯನ್ನೂ ನೋಡಿದರು. ಅದು ಸವೆತ, ಕ್ಯಾಲ್ಸಿಯಂ ಸುರಿದು ತುಂಬಿಸುವಂಥದ್ದಲ್ಲ ಎಂದರು. ಮಂಚದ ಮೇಲೆ ಕೂತು, ಮಂಡಿಯ ಕೆಳಗೆ ಬಟ್ಟೆ ಸುತ್ತಿಟ್ಟು, ಕಾಲು ನೀಡಿ ಬಿಗಿ ಹಿಡಿಯುವ ಒಂದು ವ್ಯಾಯಾಮ ಹೇಳಿಕೊಟ್ಟರು. ಮನೆಗೆ ಬಂದ ಬೊಮ್ಮಕ್ಕ ಅದನ್ನು ಬೆಳಿಗ್ಗೆ ಸಂಜೆ ಎಣಿಸಿ ಎಣಿಸಿ ಮಾಡತೊಡಗಿದಳು. ದನ ಅವಳನ್ನೇ ನೋಡುತ್ತಾ ಮೆಲುಕು ಹಾಕುತ್ತಿದ್ದವು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಬೊಮ್ಮಕ್ಕ ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಮುಂದಿನ ವಾರ ಜ್ಯೋತಿ ಬಂದು ನೋಡುತ್ತಾಳೆ, ಗಂಗಲಕ್ಷ್ಮಿಗೆ ಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆಗಳು ತಿಪ್ಪೆಯ ಮೇಲೆ!

"ನಾನೇ ಎಸೆದೆ," ಎಂದಳು ಬೊಮ್ಮಕ್ಕ ಎದೆಯುಬ್ಬಿಸಿ. "ವಿಷ ಕಣಮ್ಮ ಅದು. ಹಾಲೂ ಬ್ಯಾಡ, ರಾಗೀನೂ ಬ್ಯಾಡ ಅಂದೀನಿ ಅವಳಿಗೆ."

ಜ್ಯೋತಿ ಹಣೆ ಚಚ್ಚಿಕೊಂಡಳು. "ಅಯ್ಯೋ ದೊಡ್ಡವ್ವಾ! ಹೊಟ್ಟೇಲಿರೋ ಕೂಸಿಗೆ ಮೂಳೆ ಕಟ್ಟಬೇಕಲ್ಲ, ಅವಳಿಗೆ ಬೇಕದು. ಡಾಕ್ಟ್ರು ಹೇಳಿದಷ್ಟು ತಗೊಂಡ್ರೆ ಔಷಧಿ, ನಾವಾಗೇ ಸುರ್ಕೊಂಡ್ರೆ ತೊಂದ್ರೆ. ಇನ್ನು ರಾಗಿ, ಹಾಲು, ಮಜ್ಜಿಗೆ ಏನು ಪಾಪ ಮಾಡಿದ್ವು? ಸೊಸೆ ಚೆನ್ನಾಗಿ ಉಣ್ಲಿ. ನೀವು ಮಾತ್ರ ನಿಮ್ಮ ಡಾಕ್ಟ್ರನ್ನ ಕೇಳ್ಕೊಂಡು ಉಣ್ಣಿ."

"ಹಂಗಾದ್ರೆ ಅಳತೇಲಿ ಐತೆ ಅನ್ನು ಎಲ್ಲಾ."

"ಅಷ್ಟೇ ದೊಡ್ಡವ್ವಾ. ನಾನು ಹೇಳಾಕೆ ಬಂದಿದ್ದೇ ಅದು."

ಬೊಮ್ಮಕ್ಕ ಹೊಸ ಮಾತ್ರೆಗಳನ್ನು ಈಸಿಕೊಂಡು, ಅಂದಿನಿಂದ ದಿನಾ ತಾನೇ ಹೊತ್ತಿಗೆ ಸರಿಯಾಗಿ ಸೊಸೆಯ ಕೈಗೆ ಕೊಟ್ಟಳು. ಎರಡು ವಾರ ಕಳೆದವು, ಬಾಯಾರಿಕೆ ಹೋಯಿತು. ಮುದ್ದೆ ರುಚಿಸಿತು. ಟೀಗೆ ಸಕ್ಕರೆ ವಾಪಸ್ ಬಂತು. ಒಂದು ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು, "ಬೂದೀ, ಬಾರೇ ನನ್ನವ್ವ!" ಎಂದು ಎಲ್ಲಕ್ಕಿಂತ ಮೊದಲು ಕೂಗಿದಳು. ಬೂದಿ ಓಡಿ ಬಂತು. ಬೊಮ್ಮಕ್ಕ ಅದರ ಕತ್ತು ಹಿಡಿದುಕೊಂಡು ಅತ್ತುಬಿಟ್ಟಳು, ಸಂತೋಷಕ್ಕೆ. ಬೇಲಿ ಕಟ್ಟುತ್ತಿದ್ದ ರಾಜಣ್ಣ ಅದನ್ನು ನೋಡಿದ. ಮತ್ತೆ ಹಗ್ಗ ಬಿಗಿಯತೊಡಗಿದ.

ದಿನ ತುಂಬಿ ಗಂಗಲಕ್ಷ್ಮಿಗೆ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಹೊಕ್ಕಳು ಬಿದ್ದು ವಾಸಿಯಾದ ಮೇಲೆ ನೀರು ಹಾಕುವ ದಿನ ಬಂತು. ಕೂಸು ನೋಡಲು ಸೂರಮ್ಮನೂ ಕೊಂಡ್ಲಹಳ್ಳಿಯಿಂದ ಬಂದಿದ್ದಳು. ಬಚ್ಚಲಲ್ಲಿ ರಾಜಣ್ಣ ತಾನೇ ಮಾಡಿಸಿದ ಎತ್ತರದ ಮಣೆ ಹಾಕಿದ. ಮಗುವನ್ನು ಎತ್ತಿಕೊಂಡು ಬಂದ. ಸೂರಮ್ಮ ಕೈ ಚಾಚಿದಳು. ರಾಜಣ್ಣ ಅವಳನ್ನು ದಾಟಿ ಬಂದು, "ತಗೋ ಅವ್ವಾ," ಎಂದು ಬೊಮ್ಮಕ್ಕನ ಕೈಗಿಟ್ಟ.

ಬೊಮ್ಮಕ್ಕ ಕಾಲು ನೀಡಿ ಕೂತು ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡಳು. ಉಗುರುಬೆಚ್ಚಗಿನ ನೀರು ಬೆನ್ನ ಮೇಲೆ ಬಿದ್ದದ್ದೇ ಮಗು ಕಿಟಾರನೆ ಕಿರುಚಿತು. ಸಮಾಧಾನ ಮಾಡಲು ಬೊಮ್ಮಕ್ಕನಿಗೆ ಬಾಯಿಗೆ ಬಂದದ್ದು ಅದೊಂದೇ. "ಕೆಂದಿ ಬಂತು, ಮಚ್ಚೆ ಬಂತು, ಚುಕ್ಕಿ ಬಂತು, ಹಂಡಿ ಬಂತು..." ಚೊಂಬಿಗೊಂದು ಹೆಸರು. ಎಂಟಾಯಿತು. ಒಂಬತ್ತನೆಯದು, "ನಮ್ಮ ಬೂದಿ ಬಂತು!" ಒಂದೂ ತಪ್ಪಲಿಲ್ಲ. ಹತ್ತನೆಯ ಚೊಂಬೆತ್ತಿ ಬೊಮ್ಮಕ್ಕ ಒಂದು ಗಳಿಗೆ ತಡೆದಳು. ಬಾಗಿಲಲ್ಲಿದ್ದವರೆಲ್ಲ ಕತ್ತು ಚಾಚಿದರು.

"ಸೀಮೆಗೌರಿ ಬಂತು!" ಎಂದಳು. ಟಾನಿಕ್ಕಿನ ಹಸುವಿಗೂ ಕೊನೆಗೆ ಹೆಸರು ಸಿಕ್ಕಿತು.

ಬಾಗಿಲಲ್ಲಿ ನಿಂತಿದ್ದ ಜ್ಯೋತಿ ಚಪ್ಪಾಳೆ ತಟ್ಟಿದಳು. "ಈಗ ಅಜ್ಜಿ ಅನ್ಲಾ?"

"ಈಗ ಅನ್ನು," ಎಂದಳು ಬೊಮ್ಮಕ್ಕ. ಕೂಸನ್ನು ಮಗನ ಕೈಗೆ ಕೊಟ್ಟು, ನೆಲಕ್ಕೆ ಒಂದೇ ಕೈ ಊರಿ, ಒಂದೇ ದೇವರ ಹೆಸರು ಹೇಳಿ ಎದ್ದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರೋ ಸುಮ್ಮನೆ ಚೊಂಬು ಚೊಂಬು ನೀರು ಕುಡಿಯುತ್ತಿರಬಹುದು. ಹೊಟ್ಟೆ ಕಟ್ಟಿ, ಸುಸ್ತಾಗಿ, ಗೊತ್ತಿರುವ ಹೆಸರನ್ನೇ ಮರೆಯುತ್ತಿರಬಹುದು. ವಯಸ್ಸಾಯಿತು ಎಂದು ಕೈಬಿಡಬೇಡಿ. ಸಕ್ಕರೆ ಕಾಯಿಲೆ ಎಂದು ನೀವೇ ತೀರ್ಪು ಕೊಡಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಕ್ಕರೆಯ ಜೊತೆ ರಕ್ತದ ಕ್ಯಾಲ್ಸಿಯಂ ಕೂಡ ನೋಡಬೇಕೇ ಎಂದು ಡಾಕ್ಟರನ್ನು ಕೇಳಿ. ಮನೆಯಲ್ಲಿ ನುಂಗುತ್ತಿರುವ ಮಾತ್ರೆ, ಕುಡಿಯುತ್ತಿರುವ ಟಾನಿಕ್ಕು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ, ನಾಚಿಕೆ ಬೇಡ. ಬೊಮ್ಮಕ್ಕ ಹಸುವಿನ ಕ್ಯಾನನ್ನೇ ಹೊತ್ತುಕೊಂಡು ಹೋಗಿರಲಿಲ್ಲವೇ? ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಹೆದರಿ ಬಿಡಬೇಡಿ, ಬರೆಯದೇ ಇದ್ದದ್ದನ್ನು ಆಸೆಪಟ್ಟು ನುಂಗಬೇಡಿ. ಇವತ್ತು ಮನೆಗೆ ಹೋದ ತಕ್ಷಣ ನಿಮ್ಮ ಅವ್ವನನ್ನು ಕೂರಿಸಿಕೊಂಡು ಕೇಳಿ, ಅವ್ವಾ, ಏನೇನು ಔಷಧಿ ತಗೋತಿದೀಯಾ ಅಂತ. ಸೂರು ನೋಡಿದರೆ, ಇನ್ನೊಮ್ಮೆ ಕೇಳಿ.